ಹವಾಯಿ ಜಹಾಜಿನ ದಸ್ಕತ್ತು

ನನ್ನ ಹತ್ತಿರ ಜೆ.ಆರ್.ಡಿ. ಟಾಟಾ ಅವರ ಸಹಿಯಿರುವ ಲಕೋಟೆಯೊಂದಿದೆ. ಜೇವರ್ಗಿಯಲ್ಲಿ ಮಾಸ್ತರಿಕೆ ಮಾಡುವವನಿಗೆ ಇದೆಂಥ ಹುಚ್ಚು ಎಂದು ಕೇಳುವವರಿಗೆ ಆಳಂದದ ಉರ್ದು ಶಾಲೆಯ ಸಂಗತಿ ಹೇಳುತ್ತೇನೆ. ಅಲ್ಲಿ ನಮ್ಮ ಉಸ್ತಾದರು 'ದಸ್ತಖತ್' ಎಂಬ ಶಬ್ದವನ್ನು ಬಿಡಿಸಿ ಬರೆದಿದ್ದರು: ದಸ್ತ್ ಎಂದರೆ ಕೈ, ಖತ್ ಎಂದರೆ ಬರಹ. ಮುಂದೆ ಅಬ್ಬಾನಿಗೆ ಅಫಜಲಪುರಕ್ಕೆ ವರ್ಗವಾಗಿ ನಾನು ಕನ್ನಡ ಶಾಲೆ ಸೇರಿದಾಗ ಅದೇ ಶಬ್ದ 'ದಸ್ಕತ್ತು' ಎಂಬ ಹೆಸರಿನಲ್ಲಿ ಸಿಕ್ಕಿತು. ಹೊಸ ಶಾಲೆಯಲ್ಲಿ ಹಳೆಯ ಗೆಳೆಯನನ್ನು ಕಂಡಂತಾಯಿತು. ಸಹಿಗಳ ಮೋಹ ಅಲ್ಲಿಂದ ಶುರು.

ವಿಮಾನದ ಮೋಹ ಅದಕ್ಕೂ ಹಳೆಯದು. ಆಳಂದದ ಮೇಲೆ ವಿಮಾನದ ಸದ್ದು ಕೇಳಿದರೆ ಓಣಿಯ ಹುಡುಗರೆಲ್ಲ ಬಯಲಿಗೆ ಓಡುತ್ತಿದ್ದೆವು. ದಾದಿಮಾ ಮಾತ್ರ ಒಳಗೆ ಹೋಗುತ್ತಿದ್ದರು. ಕಿವಿ ಮುಚ್ಚಿಕೊಳ್ಳುತ್ತಿದ್ದರು ಎಂದು ಬರೆದರೆ ಕತೆಗಾರನ ಅತಿರೇಕವಾದೀತು. ಸುಮ್ಮನೆ ಒಳಗೆ ಹೋಗಿ ಯಾವುದಾದರೂ ಕೆಲಸ ಹಿಡಿಯುತ್ತಿದ್ದರು.

ವಿಮಾನ ಅಂಚೆಯ ಚರಿತ್ರೆ ನಮ್ಮ ದೇಶದಲ್ಲೇ ಆರಂಭವಾದದ್ದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಕಾಗದಗಳನ್ನು ಹೊತ್ತು ಅಲಹಾಬಾದಿನಿಂದ ಯಮುನೆ ದಾಟಿ ನೈನಿಗೆ ಹಾರಿದ. ದೂರ ಹತ್ತು ಕಿಲೊಮೀಟರಿನಷ್ಟು. ಹಿಡಿದ ಸಮಯ ಹದಿಮೂರು ನಿಮಿಷ. ಅವನು ಸಹಿ ಮಾಡಿಕೊಟ್ಟ ಕಾರ್ಡುಗಳು ಕೆಲವೇ ಕೆಲವು. ನನ್ನ ಸಂಬಳದಲ್ಲಿ ಅವುಗಳ ಫೋಟೊ ನೋಡಬಹುದು, ಅಷ್ಟೆ.

ನಾನು ಬೆನ್ನು ಹತ್ತಿದ್ದು 1932ರ ಹಾರಾಟವನ್ನು. ಆ ಅಕ್ಟೋಬರ್ 15ರಂದು ಟಾಟಾ ಅವರು ಕರಾಚಿಯಿಂದ ಅಂಚೆ ಚೀಲ ಹೇರಿಕೊಂಡು, ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಹಮದಾಬಾದಿನ ಮೂಲಕ ಮುಂಬೈಗೆ ಬಂದರು. ಅಲ್ಲಿಂದ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಆ ದಾರಿಯಲ್ಲಿ ವಿಮಾನ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ! ಬಳ್ಳಾರಿಯ ಮುದ್ರೆ ಬಿದ್ದ ಅಂದಿನ ಲಕೋಟೆ ಸಿಗುವುದೇ ಕಷ್ಟ, ಮೇಲೆ ವಿನ್ಸೆಂಟರ ಸಹಿ ಬೇರೆ ಬೇಕೆಂದರೆ ಕೇಳುವುದೇ ಬೇಡ. ಅವರು 1942ರಲ್ಲಿ ಯುದ್ಧಕಾಲದ ವಿಮಾನಯಾನವೊಂದರಲ್ಲೇ ತೀರಿಕೊಂಡರು. ಟಾಟಾ ಅವರು ದೀರ್ಘಕಾಲ ಬದುಕಿದರು. 1982ರಲ್ಲಿ, ಐವತ್ತು ವರ್ಷ ತುಂಬಿದ ದಿನ, 78ರ ವಯಸ್ಸಿನಲ್ಲಿ ಮತ್ತೆ ಕರಾಚಿಯಿಂದ ಮುಂಬೈಗೆ ತಾವೇ ವಿಮಾನ ನಡೆಸಿದರು. ನನ್ನಲ್ಲಿರುವುದು ಆ ವರ್ಷದ ಲಕೋಟೆ. ನನ್ನ ಮೊದಲ ಕಥಾಸಂಕಲನಕ್ಕೆ ಬಂದ ಗೌರವಧನವೆಲ್ಲ ಅದಕ್ಕೇ ಹೋಯಿತು. ಮನೆಯಲ್ಲಿ ಬೈಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಕಳೆದ ವರ್ಷ ಮುಂಬೈಯ ಹಳೆಯ ಅಂಚೆಚೀಟಿ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. ಸಿಡ್ನಿ ಕಾಟನ್ ಸಹಿಯಿರುವ ಪತ್ರವೊಂದು ಬಂದಿದೆ, ಬೇಕೇ ಎಂದರು.

ಸಂಗ್ರಾಹಕರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಆಸ್ಟ್ರೇಲಿಯದವನು. ಮೊದಲ ಮಹಾಯುದ್ಧದಲ್ಲಿ ಪೈಲಟ್. ಎತ್ತರದ ಚಳಿ ತಡೆಯಲು ಅವನು ರೂಪಿಸಿದ ಉಡುಪು 'ಸಿಡ್‌ಕಾಟ್' ಎಂದು ಅವನ ಹೆಸರಿನಲ್ಲೇ ಪ್ರಸಿದ್ಧವಾಯಿತು. 1920ರ ದಶಕದ ಆರಂಭದಲ್ಲಿ ನ್ಯೂಫೌಂಡ್‌ಲೆಂಡಿನ ಹಿಮದ ಮೇಲೆ ಅಂಚೆ ಹಾರಿಸಿದ. 1939ರಲ್ಲಿ ಜರ್ಮನಿಯ ಮೇಲೆ ಹಾರುತ್ತ ಗುಟ್ಟಾಗಿ ಫೋಟೊ ತೆಗೆದ. ಹಾರಾಟದ ಚರಿತ್ರೆಯಲ್ಲಿ ಅವನನ್ನು ಬಿಡುವಂತಿಲ್ಲ.

ಅದೇ ಕಾಟನ್ 1948ರಲ್ಲಿ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮರಿಗೆ ಕಳ್ಳತನದಿಂದ ಶಸ್ತ್ರಾಸ್ತ್ರ ತಂದ. ಹೊರಟದ್ದು ಅದೇ ಕರಾಚಿಯಿಂದ. ಇಳಿಸಿದ ಜಾಗಗಳಲ್ಲಿ ಒಂದು ನಮ್ಮ ಬೀದರ್.

ಮುಂದಿನದು ಕಲಬುರಗಿ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆ ಹೊತ್ತಿಗಾಗಲೇ ರಜಾಕಾರರ ಕೈಯಲ್ಲಿ ನೊಂದ ಮನೆಗಳು ನಮ್ಮ ಪಕ್ಕದ ಓಣಿಯಲ್ಲೇ ಇದ್ದವು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮರು ಶರಣಾದರು. ಅದರ ಹಿಂದೆಯೇ ನಮ್ಮವರ ಮೇಲೆ ಬಿದ್ದ ಕೊಲೆ, ಲೂಟಿಗಳಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಗುಲಬರ್ಗಾ ಒಂದೆಂದು ಸುಂದರಲಾಲ್ ಸಮಿತಿ ವರದಿ ಮಾಡಿತ್ತು. ಅದು ಬಹಳ ವರ್ಷ ಸರ್ಕಾರದ ಕಪಾಟಿನಲ್ಲೇ ಉಳಿಯಿತು. ಆಗ ದಾದಿಮಾಗೆ ಹತ್ತು ವರ್ಷ. ತಲೆಯ ಮೇಲೆ ವಿಮಾನಗಳ ಸದ್ದು ಕೇಳಿ ಮನೆಮಂದಿಯೆಲ್ಲ ತೊಗರಿ ಹೊಲ ಹೊಕ್ಕರಂತೆ. ಜೇವರ್ಗಿ ಕಡೆ ಹೋಗಿದ್ದ ಅವರ ದೊಡ್ಡಣ್ಣ ಮರಳಲಿಲ್ಲ. ಯಾರು, ಏನು, ಎಲ್ಲಿ ಎಂಬುದನ್ನು ಅವರು ಈವರೆಗೆ ಹೇಳಿಲ್ಲ. ನಾವೂ ಕೇಳಿಲ್ಲ.

ಕಾಟನ್‌ನ ಬಂದೂಕುಗಳಿಗೂ ಆ ಸಾವಿಗೂ ನೇರ ಸಂಬಂಧವಿದೆ ಎಂದು ನಾನು ಹೇಳಲಾರೆ. ಬಂದೂಕು ಬಂದೀತೆಂಬ ಭರವಸೆಯ ಮೇಲೆ ಹೈದರಾಬಾದಿನ ದೊಡ್ಡವರು ಹಟ ಹಿಡಿದರು, ಹಟದ ಬೆಲೆಯನ್ನು ಹಳ್ಳಿಯವರು ತೆತ್ತರು, ಇಷ್ಟು ಮಾತ್ರ ನನಗೆ ಕಾಣುತ್ತದೆ. ಕಾಟನ್ ಲಂಡನ್ನಿನಲ್ಲಿ ದಂಡ ಕಟ್ಟಿ ಪಾರಾದ. 1969ರವರೆಗೆ ಬದುಕಿದ.

ಆ ಭಾನುವಾರ ಆಳಂದಕ್ಕೆ ಹೋದಾಗ ದಾದಿಮಾಗೆ ಎಲ್ಲ ಹೇಳಿದೆ. ವ್ಯಾಪಾರಿ ಮೊಬೈಲಿಗೆ ಕಳಿಸಿದ್ದ ಸಹಿಯ ಫೋಟೊ ತೋರಿಸಿದೆ. ಅವರಿಗೆ ಇಂಗ್ಲಿಷ್ ಬಾರದು, ಆದರೂ ಕನ್ನಡಕ ಹಾಕಿಕೊಂಡು ನೋಡಿದರು.

"ಕಾಯ್‌ಕು ಆಯಾ ಥಾ ಉನೆ?" ಯಾಕೆ ಬಂದಿದ್ದ ಅವನು?

ರೊಕ್ಕಕ್ಕೆ ಎಂದೆ.

ರೊಕ್ಕ ಸಿಕ್ಕಿತೇ ಎಂದರು. ಸಿಕ್ಕಿರಬೇಕು ಎಂದೆ.

"ತೋ ತೂ ಫಿರ್ ಕಾಯ್‌ಕು ದೇತಾ?" ಮತ್ತೆ ನೀನ್ಯಾಕೆ ಕೊಡುತ್ತಿ ಎಂದು ಕೇಳಿ, ಮೊಬೈಲನ್ನು ನನ್ನ ಕೈಗಿಟ್ಟು, ಸೋಸುತ್ತಿದ್ದ ಮೆಂತೆ ಪಲ್ಯದ ಕಡೆಗೆ ತಿರುಗಿದರು.

ಮರುದಿನ ವ್ಯಾಪಾರಿಗೆ ಬೇಡವೆಂದೆ. ಅವರು ಸಾವಿರ ರೂಪಾಯಿ ಇಳಿಸಿದರು. ಮತ್ತೊಮ್ಮೆ ಬೇಡವೆಂದೆ. ಟಾಟಾ ಲಕೋಟೆಯ ಎದುರಿನ ಪುಟವನ್ನು ಆ ಪತ್ರಕ್ಕೆಂದೇ ತೆರವು ಮಾಡಿಟ್ಟಿದ್ದೆ, ಅದು ಹಾಗೆಯೇ ಇದೆ. ಸುಳ್ಳೇಕೆ ಹೇಳಲಿ, ಪತ್ರ ಇನ್ನೂ ಮಾರಾಟವಾಗದೆ ಉಳಿದಿದೆಯೇನೋ ಎಂದು ಒಮ್ಮೊಮ್ಮೆ ಅವರಿಗೆ ಫೋನ್ ಮಾಡಬೇಕೆನ್ನಿಸುತ್ತದೆ.