ಬೋರಾಮಣಿಯ ದಾರಿಯಲ್ಲಿ ಹಳೆಯ ಫಿಯಾಟ್

ಹುಮನಾಬಾದಿನಿಂದ ಉಮರ್ಗಾ, ನಳದುರ್ಗ ದಾಟಿ ಪಶ್ಚಿಮಕ್ಕೆ ಸಾಗಿದರೆ, ಸೊಲ್ಲಾಪುರ ಇನ್ನು ಸುಮಾರು 20 ಕಿ.ಮೀ. ಇದೆ ಎನ್ನುವಾಗ ಬೋರಾಮಣಿ ಸಿಗುತ್ತದೆ. ಹಿಂದೆ 9ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿದ್ದ ಈ ಪುಣೆ-ಹೈದರಾಬಾದ್ ರಸ್ತೆಗೆ ಈಗ 65ನೆಯ ನಂಬರು. ಆಡಳಿತ ಮಹಾರಾಷ್ಟ್ರದ್ದು, ಫಲಕಗಳು ಮರಾಠಿಯವು. ಆದರೆ ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಸುತ್ತಮುತ್ತ ಹುಲ್ಲುಗಾವಲು, ಜೋಳ-ತೊಗರಿಯ ಹೊಲಗಳು. ಇಂಥ ಹುಲ್ಲುಗಾವಲನ್ನೇ ನಂಬಿ ಬದುಕುವ ಎರೆಭೂತ ಹಕ್ಕಿಗಾಗಿ ಇದೇ ಜಿಲ್ಲೆಯ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯವಾಯಿತು.

ಕಳೆದ ಬೇಸಿಗೆಯಲ್ಲಿ ನಾನು ಈ ದಾರಿಯಲ್ಲಿ ಬಂದದ್ದು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ. ನಮ್ಮ ಜನ ಅದನ್ನು ಕರೆಯುವುದು ಫಿಯಾಟ್ ಎಂದೇ. ಸೊಲ್ಲಾಪುರಕ್ಕೆ ಹೋಗಲು ಇದಕ್ಕಿಂತ ತಕ್ಕ ವಾಹನ ಇನ್ನೊಂದಿಲ್ಲ. ಏಕೆಂದರೆ ಈ ಕಾರನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದ ವಾಲಚಂದ ಹೀರಾಚಂದರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ವಿಮಾನ ಕಾರ್ಖಾನೆ ಆರಂಭಿಸಿದವರೂ ಅವರೇ. ಸಕ್ಕರೆ ಕಾರ್ಖಾನೆಗಳನ್ನೂ ಅವರು ಕಟ್ಟಿದರು. ಅವರ ಕಾರು ಮತ್ತು ಅವರ ಕಬ್ಬು ಒಂದು ದಿನ ಒಂದೇ ಟ್ಯಾಂಕಿನಲ್ಲಿ ಸೇರುತ್ತವೆಂದು ಆಗ ಯಾರು ಎಣಿಸಿದ್ದರು?

ಬೋರಾಮಣಿಯಲ್ಲಿ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿದ ಹಿರಿಯರು ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪೆಟ್ರೋಲ್ ಪಂಪಿನ ಮೇಲೆ ಹೊದಿಸಿದರು. ಬಿಸಿಲಿಗೆ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಎಂಜಿನ್ ತಲುಪದೇ ಹೋಗಬಾರದೆಂದು ಹಳೆಯ ಚಾಲಕರು ಮಾಡುತ್ತಿದ್ದ ಉಪಾಯವಿದು. "ಹಿಂದಕ ಪೆಟ್ರೋಲ್ ಅಂದ್ರ ಬರೇ ಪೆಟ್ರೋಲ್ ಇತ್ರೀ ಫಾದರ್. ಈಗ ಐದರಾಗ ಒಂದ್ ಪಾಲು ಕಬ್ಬಿನ ಸಾರಾಯಿ ಕುಡೀತದ ನನ್ನ ಗಾಡಿ" ಎಂದು ನಕ್ಕರು.

ಅವರ ಮಾತಿನಲ್ಲಿ ಸತ್ಯವಿದೆ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರಷ್ಟು ಎಥನಾಲ್ ಬೆರೆಸುವುದರೊಂದಿಗೆ ಆರಂಭವಾದ ಯೋಜನೆ 2022ರಲ್ಲಿ ಶೇ. 10ನ್ನು, 2025ರಲ್ಲಿ ಶೇ. 20ನ್ನು ಮುಟ್ಟಿತು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಶೇ. 20 ಬೆರೆತ ಇಂಧನದಲ್ಲಿ ಶೇ. 6-7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಲೀಟರಿಗೆ 14 ಕಿ.ಮೀ. ಓಡುತ್ತಿದ್ದ ಕಾರು 13ಕ್ಕೆ ಇಳಿದರೆ ಆಶ್ಚರ್ಯವಿಲ್ಲ.

ಹಳೆಯ ಕಾರಿಗೆ ಇನ್ನೂ ಕೆಲವು ತೊಂದರೆಗಳಿವೆ. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನೂ ಕಾರ್ಕ್ ಗ್ಯಾಸ್ಕೆಟ್‌ಗಳನ್ನೂ ಕೆಡಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕಿಳಿದು ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಎಥನಾಲ್ ಉರಿಯಲು ಪೆಟ್ರೋಲಿನಷ್ಟು ಗಾಳಿ ಬೇಡ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ. ಕಾರ್ಬುರೇಟರ್‌ಗೆ ಅಂಥ ಬುದ್ಧಿಯಿಲ್ಲ, ಬಲ್ಲ ಮೆಕ್ಯಾನಿಕ್ಕೇ ಜೆಟ್ ಬದಲಿಸಬೇಕು.

ಹಾಗಾದರೆ ದುಬಾರಿ 100 ಆಕ್ಟೇನ್ ಪೆಟ್ರೋಲ್ ಹಾಕಿಸಬೇಕೆ? 1089 ಸಿ.ಸಿ.ಯ ಆ ಹಳೆಯ ಎಂಜಿನ್‌ಗೆ ಅಷ್ಟು ಆಕ್ಟೇನ್ ಬೇಕಿಲ್ಲ, ಅದರಿಂದ ಮೈಲೇಜೂ ಹೆಚ್ಚದು. ಅಂಥ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲದಿದ್ದರೆ, ಬಹುಕಾಲ ನಿಲ್ಲುವ ಕಾರಿಗೆ ಅದರಿಂದ ಪ್ರಯೋಜನವುಂಟು. ಆದರೆ ಅದು ದೊಡ್ಡ ನಗರಗಳ ಕೆಲವೇ ಬಂಕ್‌ಗಳಲ್ಲಿ ದೊರೆಯುವಂಥದು. ನಮ್ಮ ಹಿರಿಯರು ಕಂಡುಕೊಂಡ ದಾರಿ ಸರಳ: ಎಥನಾಲ್ ತಡೆಯುವ ಹೊಸ ಕೊಳವೆಗಳು, ಆಗಾಗ ಹೊಸ ಫಿಲ್ಟರ್, ವಾರಕ್ಕೊಮ್ಮೆಯಾದರೂ ಓಡಾಟ, ಟೈರಿಗೆ ಸರಿಯಾದ ಗಾಳಿ, ಗಂಟೆಗೆ 60 ಕಿ.ಮೀ. ಮೀರದ ವೇಗ. ಟ್ಯಾಂಕ್ ತುಂಬಿಸಿದ ದಿನ ಕಿಲೋಮೀಟರನ್ನು ಡೈರಿಯಲ್ಲಿ ಬರೆಯುತ್ತಾರೆ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರುಗಳಿಂದ ಭಾಗಿಸುತ್ತಾರೆ.

ಪ್ರಿಯ ಓದುಗರೇ, ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಸಕ್ಕರೆಯ ಮೂಲದಿಂದ ಒಂದು ಲೀಟರ್ ಎಥನಾಲ್ ತಯಾರಾಗಲು, ಕಬ್ಬು ಬೆಳೆಯುವ ನೀರೂ ಸೇರಿ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯ ಅಂದಾಜು. ಅಂದರೆ 10 ಲೀಟರ್ ಪೆಟ್ರೋಲ್ ಹಾಕಿಸಿದಾಗ, ಅದರೊಳಗಿನ 2 ಲೀಟರ್ ಎಥನಾಲ್ ಕಬ್ಬಿನದಾಗಿದ್ದರೆ, 5,700 ಲೀಟರಿಗೂ ಹೆಚ್ಚು ನೀರು! ಸೊಲ್ಲಾಪುರ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಬರದ ಜಿಲ್ಲೆಯೂ ಹೌದು. ಲಾತೂರಿಗೆ 2016ರಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಹಾಗೆಂದು ಎಥನಾಲನ್ನು ಜರೆಯುವುದೂ ಸುಲಭವಲ್ಲ. ಅದರಿಂದ ಕಬ್ಬಿನ ರೈತನಿಗೆ ಹಣ ಬರುತ್ತದೆ, ವಿದೇಶಿ ತೈಲದ ವೆಚ್ಚ ತಗ್ಗುತ್ತದೆ. ಈಗ ಮೆಕ್ಕೆಜೋಳದಿಂದಲೂ ಅದನ್ನು ತಯಾರಿಸುತ್ತಾರೆ. ಕಬ್ಬಿನ ರೈತನೂ ನಮ್ಮವನೇ, ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ತಾಯಿಯೂ ನಮ್ಮವಳೇ.

ಸೊಲ್ಲಾಪುರ ಹಿಂದೆ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಶಿವಶರಣ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದರು. ಈ ನೆಲದಲ್ಲಿ ನೀರು ಕೊಡುವುದೇ ಪೂಜೆಯೆಂದು ಅವರು ಬಲ್ಲರು. ದಿವಂಗತ ವಿಶ್ವಗುರು ಫ್ರಾನ್ಸಿಸರೂ 2015ರ 'ಲೌದಾತೊ ಸೀ' ಪತ್ರದಲ್ಲಿ ಕುಡಿಯುವ ನೀರು ಪ್ರತಿಯೊಬ್ಬ ಮಾನವನ ಮೂಲಭೂತ ಹಕ್ಕೆಂದು ಸಾರಿದರು.

ಹೊಸ ದ್ರಾಕ್ಷಾರಸವನ್ನು ಹಳೆಯ ಬುದ್ದಲಿಯಲ್ಲಿ ಹಾಕಬಾರದೆಂದು ಪ್ರಭು ಯೇಸು ಹೇಳಿದ ಸಾಮತಿಯನ್ನು ಎಷ್ಟೋ ಸಲ ಬೋಧಿಸಿದ್ದೇನೆ. ಒಡೆದ ರಬ್ಬರ್ ಕೊಳವೆಯನ್ನು ಕೈಯಲ್ಲಿ ಹಿಡಿದಾಗ ಅದರ ಅರ್ಥ ಇನ್ನಷ್ಟು ಸ್ಪಷ್ಟವಾಯಿತು. ಇಂಧನ ಯಾವುದೇ ಇರಲಿ, ಅತ್ಯಂತ ಅಗ್ಗದ್ದು ನಾವು ಉರಿಸದೇ ಉಳಿಸಿದ ಲೀಟರು. ನಮ್ಮ ಹಿರಿಯರು ಭಾನುವಾರ ತಮ್ಮ ಬೀದಿಯ ಇಬ್ಬರು ವೃದ್ಧೆಯರನ್ನು ಕೂರಿಸಿಕೊಂಡೇ ಬಲಿಪೂಜೆಗೆ ಬರುತ್ತಾರೆ. ಖಾಲಿ ಸೀಟಿನೊಡನೆ ದೇವಾಲಯಕ್ಕೆ ಬರುವ ನಮ್ಮ ಹೊಸ ಕಾರುಗಳೂ ಈ ಹಳೆಯ ಫಿಯಾಟಿನಿಂದ ಅಷ್ಟನ್ನಾದರೂ ಕಲಿಯಲಿ.