ಅರ್ಥಿಂಗ್ ಸರಿ ಇದೆ ಅಂತ ಬರೆದವನು ನಾನೇ

ಮೊನ್ನೆ ರಾತ್ರಿ ಊರಿಂದ ಭಾವ ಫೋನ್ ಮಾಡಿದ್ರು. "ಸಿಡಿಲು ಬಿತ್ತು ಮಾರಾಯ, ಇಂಟರ್ನೆಟ್ ಡಬ್ಬಿ ಸುಟ್ಟು ಹೋಯ್ತು. ಫೈಬರ್ ಆದ್ರೆ ಏನೂ ಆಗಲ್ಲ ಅಂದಿದ್ದೆಯಲ್ಲ ನೀನು?" ಅಂತ. ಗಾಜಿನ ಎಳೆಯಲ್ಲಿ ಕರೆಂಟು ಹರಿಯೋಲ್ಲ, ನಿಜ. ಆದ್ರೆ ಕೆಲವು ಕೇಬಲ್ಲುಗಳಲ್ಲಿ ಜೋತು ಬೀಳದಿರಲಿ ಅಂತ ಪಕ್ಕದಲ್ಲೇ ಒಂದು ಉಕ್ಕಿನ ತಂತಿ ಇರುತ್ತೆ, ಅದಕ್ಕೆ ಗಾಜಿನ ಗುಣ ಇಲ್ಲ. ಗೋಡೆಗೆ ಚುಚ್ಚಿದ ಅಡಾಪ್ಟರಿಗಂತೂ ಇಲ್ಲವೇ ಇಲ್ಲ. "ಅರ್ಥಿಂಗ್ ಹೇಗಿದೆ ಭಾವ?" ಅಂತ ಕೇಳಿದೆ. "ಅದೆಲ್ಲ ಸರಿ ಇದೆ. ಹಸಿರು ವೈರು ನೆಲದೊಳಗೆ ಹೋಗಿದೆ, ನಾನೇ ನೋಡಿದೀನಿ" ಅಂದ್ರು.

ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಇದೇ ಮಾತನ್ನ ಒಂದು ಫಾರಂ ಮೇಲೆ ಬರೆದು ಸಹಿ ಹಾಕಿದವನು ನಾನು.

2002ರ ನವೆಂಬರ್. ಆಗ ನಾನಿದ್ದ ಕಂಪನಿಯವರು ಆಫೀಸು, ಆಸ್ಪತ್ರೆ, ಎಸ್ಟೇಟುಗಳಿಗೆ ಇ.ಪಿ.ಎ.ಬಿ.ಎಕ್ಸ್. ಹಾಕ್ತಿದ್ರು. ಅಂದ್ರೆ ಒಂದು ಆವರಣದ ಒಳಗಿನ ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್. ಪೆಟ್ಟಿಗೆ ಕಳಿಸೋ ಮೊದಲು ಒಬ್ಬ ಇಂಜಿನಿಯರು ಹೋಗಿ ಜಾಗ ನೋಡಿ, ಎರಡು ಪುಟದ ಸರ್ವೆ ಫಾರಂ ತುಂಬಬೇಕು. ನನ್ನ ಪಾಲಿಗೆ ಬಂದದ್ದು ಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟು. 48 ಎಕ್ಸ್‌ಟೆನ್ಷನ್ನು. ಮ್ಯಾನೇಜರ ಬಂಗಲೆ, ಡಾಕ್ಟರ ಮನೆ, ಪಲ್ಪಿಂಗ್ ಹೌಸು, ಕಾಫಿ ಒಣಗಿಸೋ ಕಣ... ಕೊನೇ ಫೋನು ಒಂದೂವರೆ ಕಿಲೋಮೀಟರ್ ದೂರ. ಎಲ್ಲ ಕಂಬದ ಮೇಲಿನ ತಂತಿ.

ಅವತ್ತು ನಾನು ಬಹಳ ಸ್ಟ್ರಿಕ್ಟು. ಅವರು ಎಕ್ಸ್‌ಚೇಂಜ್ ಇಡೋಕೆ ತೋರಿಸಿದ್ದು ಮೆಟ್ಟಿಲ ಕೆಳಗಿನ ಗೂಡು, ಅದರ ಮೇಲೆ ಸರಿಯಾಗಿ ಬಚ್ಚಲು! ಆಗೋದೇ ಇಲ್ಲ ಅಂತ ಒಂದು ಗಂಟೆ ಜಗಳ ಮಾಡಿ ಬೇರೆ ಕೋಣೆ ಕೊಡಿಸಿಕೊಂಡೆ. ಬ್ಯಾಟರಿಗೆ ಕಿಟಕಿ ಬೇಕು ಅಂದೆ. ಸೀಲ್ ಆದ ಬ್ಯಾಟರಿಗೆ ಯಾಕೆ ಸಾರ್ ಕಿಟಕಿ ಅಂದ್ರು. ಚಾರ್ಜ್ ಜಾಸ್ತಿಯಾದ್ರೆ ಸೀಲಾದದ್ದೂ ಹೈಡ್ರೋಜನ್ ಬಿಡುತ್ತೆ, ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದ್ರೆ ಒಂದು ಕಿಡಿ ಸಾಕು ಅಂತ ಪಾಠ ಮಾಡಿದೆ. ಬ್ಯಾಟರಿ ಮುಟ್ಟೋವಾಗ ಉಂಗುರ, ವಾಚು ಬಿಚ್ಚಿಡಿ, ಸ್ಪ್ಯಾನರಿಗೆ ಟೇಪು ಸುತ್ತಿ ಅಂತಲೂ ಹೇಳಿದೆ. ಅವರ ಎಲೆಕ್ಟ್ರಿಶಿಯನ್ನು ಜಂಪರ್ ವೈರನ್ನ ಹಲ್ಲಲ್ಲಿ ಸುಲೀತಿದ್ದ. ಅದಕ್ಕೂ ಬೈದೆ. ಲೈನಲ್ಲಿ ಸುಮ್ಮನೆ ಇರೋದು 48 ವೋಲ್ಟು, ಆದ್ರೆ ಅದೇ ಹೊತ್ತಿಗೆ ಯಾರಾದ್ರೂ ಆ ನಂಬರಿಗೆ ಫೋನ್ ಮಾಡಿದ್ರೆ ಗಂಟೆ ಬಾರಿಸೋಕೆ 75 ವೋಲ್ಟಿನ ಎ.ಸಿ. ಬರುತ್ತೆ. ಒದ್ದೆ ಬಾಯಿಗೆ ಅದು ಸಾಕು. (ನಾನೂ ಹಲ್ಲಲ್ಲೇ ಕಲಿತವನು ಅನ್ನೋದು ಬೇರೆ ಮಾತು.)

ಹೀಗೆ ಕಣ್ಣಿಗೆ ಕಂಡದ್ದಕ್ಕೆಲ್ಲ ಜಗಳ ಮಾಡಿದೆ. ಕಾಣದ್ದು ಒಂದೇ ಬಾಕಿ ಇತ್ತು. ಅರ್ಥ್ ರೆಸಿಸ್ಟೆನ್ಸ್ ಎಷ್ಟು? 1 ಓಮ್‌ಗಿಂತ ಕಮ್ಮಿ ಇರಬೇಕು ಅಂತ ಫಾರಮ್ಮಿನಲ್ಲೇ ಅಚ್ಚು ಹಾಕಿತ್ತು.

ಅದನ್ನ ಅಳೆಯೋಕೆ ಬೇರೆ ಮೀಟರು ಬೇಕು. ಗುಂಡಿಯಿಂದ ದೂರಕ್ಕೆ ಒಂದೇ ಸಾಲಲ್ಲಿ ಎರಡು ಸರಳು ನೆಡಬೇಕು, ದೂರದ ಸರಳಿಗೆ ಕರೆಂಟು ಬಿಟ್ಟು ನಡುವಿನದರಲ್ಲಿ ವೋಲ್ಟೇಜ್ ನೋಡಬೇಕು. ಆ ನಡುವಿನದು ಒಟ್ಟು ದೂರದ ನೂರಕ್ಕೆ 62 ಭಾಗದಲ್ಲಿರಬೇಕು. ಅರ್ಧ ದಿನದ ಕೆಲಸ. ನಮ್ಮ ಆಫೀಸಿನಲ್ಲಿ ಆರು ಜನಕ್ಕೆ ಒಂದೇ ಮೀಟರು, ಆ ವಾರ ಅದು ಹಾಸನಕ್ಕೆ ಹೋಗಿತ್ತು. ನನ್ನ ಹತ್ರ ಇದ್ದದ್ದು ಮಲ್ಟಿಮೀಟರು. ಗೋಡೆಯ ಸಾಕೆಟ್ಟಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ನೋಡಿದೆ, 1.4 ವೋಲ್ಟು. ಒಳ್ಳೇದೇ. "ಟೆಲಿಫೋನಿಗೆ ಅಂತಲೇ ಬೇರೆ ಗುಂಡಿ ತೆಗೆಸಿದೀವಿ ಸಾರ್, ಎರಡು ಮೂಟೆ ಉಪ್ಪು, ಎರಡು ಮೂಟೆ ಇದ್ದಿಲು" ಅಂದ ಎಲೆಕ್ಟ್ರಿಶಿಯನ್ನು. ಹೋಗಿ ನೋಡಿದೆ. ಸಿಮೆಂಟ್ ಕಟ್ಟೆ, ನಡುವೆ ಪೈಪು, ತಾಮ್ರದ ಪಟ್ಟಿ ಅಂದವಾಗಿ ನೆಲದೊಳಗೆ ಹೋಗಿತ್ತು. ಕೊನೇ ಬಸ್ಸಿಗೆ ಹೊತ್ತಾಗಿತ್ತು. "1 ಓಮ್‌ಗಿಂತ ಕಡಿಮೆ" ಅಂತ ಬರೆದು ಸಹಿ ಹಾಕಿದೆ.

ಡಿಸೆಂಬರಿನಲ್ಲಿ ಎಕ್ಸ್‌ಚೇಂಜ್ ಕೂತಿತು. ಚೆನ್ನಾಗೇ ನಡೀತು.

2003ರ ಏಪ್ರಿಲ್‌ನಲ್ಲಿ ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಪಲ್ಪಿಂಗ್ ಹೌಸ್ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಸಿಡಿಲು ಬಡೀತು. ಮಲೆನಾಡಿನವರಿಗೆ ಗೊತ್ತು, ಮಳೆಗಾಲದ ಮಳೆಗಿಂತ ಅದಕ್ಕೆ ಮುಂಚಿನ ಗುಡುಗಿನ ಮಳೆಯೇ ಭಯ. ಸಿಡಿಲು ಕಂಬದ ತಂತಿ ಹಿಡಿದು ಆಫೀಸಿಗೆ ಬಂತು. ಆಪರೇಟರ್ ಹುಡುಗಿ ಹೆಡ್‌ಸೆಟ್ ಹಾಕ್ಕೊಂಡು, ಒಂದು ಕೈಯನ್ನ ಬಿಲ್ಲಿಂಗ್ ಕಂಪ್ಯೂಟರಿನ ಪೆಟ್ಟಿಗೆ ಮೇಲಿಟ್ಟು ಕೂತಿದ್ಲಂತೆ. ಕುರ್ಚಿಯಿಂದ ಕೆಳಗೆ ಬಿದ್ಲು. ಜೀವಕ್ಕೇನೂ ಆಗಲಿಲ್ಲ. ಎರಡು ಬೆರಳು ಸುಟ್ಟಿತ್ತು, ಬಲಗಿವಿಯಲ್ಲಿ ತಿಂಗಳುಗಟ್ಟಲೆ ಗುಂಯ್ ಅಂತಿತ್ತು. ಎಕ್ಸ್‌ಚೇಂಜಿನ ಐದು ಕಾರ್ಡು ಹೋಗಿದ್ವು.

ಮಾರನೇ ದಿನ ಹೋದೆ. ಮ್ಯಾನೇಜರು ಕಾಫಿ ಕೊಟ್ಟು, "ಬಿಡಿ, ಸಿಡಿಲಿಗೆ ಯಾರೇನು ಮಾಡೋಕಾಗುತ್ತೆ" ಅಂದ್ರು. ನಾನು "ಹೌದು ಸಾರ್" ಅಂದೆ. ಆ "ಹೌದು ಸಾರ್" ಇನ್ನೂ ಗಂಟಲಲ್ಲೇ ಇದೆ.

ನನ್ನ ಜೊತೆ ಬಂದಿದ್ದವರು ಟೆಲಿಕಾಂ ಇಲಾಖೆಯಿಂದ ನಿವೃತ್ತರಾಗಿ ನಮ್ಮಲ್ಲಿ ಸೇರಿದ್ದ ಒಬ್ಬರು ಹಿರಿಯರು. 1986ರಲ್ಲಿ ಕಿತ್ತೂರಿನಿಂದ ಶುರುವಾದ ಸಿ-ಡಾಟ್‌ನ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜುಗಳ ಕಾಲದವರು. ಅದಕ್ಕೆ ಏ.ಸಿ. ಬೇಡ ಅಂತ ಎಲ್ಲರೂ ಖುಷಿಪಟ್ಟಿದ್ರು, ಆದ್ರೆ ಅರ್ಥ್ ಬೇಡ ಅಂತ ಯಾರೂ ಹೇಳಿರಲಿಲ್ಲ ಅಂತ ನಗೋರು. ಕಾರ್ಡು ಮುಟ್ಟೋ ಮೊದಲೇ ಅವರು ಹಾರೆ ತರಿಸಿದ್ರು. ಅಗೆದ್ರೆ... ಒಂದಡಿ ಕೆಳಗೆ ತಾಮ್ರದ ಪಟ್ಟಿಯನ್ನ ಕಬ್ಬಿಣದ ಪೈಪಿಗೆ ಬೋಲ್ಟ್ ಮಾಡಿದ್ದ ಜಾಗದಲ್ಲಿ ಬರೀ ತುಕ್ಕಿನ ಪುಡಿ. ಬೋಲ್ಟು ಕೈಗೇ ಬಂತು. ತಾಮ್ರ, ಸತು ಬಳಿದ ಕಬ್ಬಿಣ, ಉಪ್ಪುನೀರು ಮೂರೂ ಸೇರಿದ್ರೆ ಅದೇ ಒಂದು ಬ್ಯಾಟರಿ, ಮೊದಲು ಸತು ಕರಗುತ್ತೆ, ಆಮೇಲೆ ಕಬ್ಬಿಣ. ಟೆಲಿಫೋನಿನವರು ಬ್ಯಾಟರಿಯ ಪ್ಲಸ್ಸನ್ನ ಭೂಮಿಗೆ ಕಟ್ಟೋದೇ ಕೇಬಲ್ಲಿನ ತಾಮ್ರ ಹೀಗೆ ಕರಗಬಾರದು ಅಂತ. ಪರೀಕ್ಷೆಗೆ ಓದಿ ಬರೆದಿದ್ದೆ ನಾನು!

ಲೈನುಗಳು ಒಳಗೆ ಬರೋ ಚೌಕಟ್ಟಿನಲ್ಲಿ ಸಿಡಿಲು ತಡೆಯೋ ಗ್ಯಾಸ್ ಟ್ಯೂಬುಗಳಿದ್ವು. ಅವು ತಮ್ಮ ಕೆಲಸ ಮಾಡಿದ್ವು, ಬಂದದ್ದನ್ನ ಅರ್ಥ್ ಪಟ್ಟಿಗೆ ತಳ್ಳಿದ್ವು. ಆ ಪಟ್ಟಿ ಎಲ್ಲಿಗೂ ಹೋಗಿರಲಿಲ್ಲ. ಕಂಪ್ಯೂಟರು ಮಾತ್ರ ಕರೆಂಟಿನ ಅರ್ಥ್‌ಗೆ ಸೇರಿತ್ತು. ನಾನು ಸಾಕೆಟ್ಟಲ್ಲಿ 1.4 ವೋಲ್ಟ್ ನೋಡಿ ಸಮಾಧಾನಪಟ್ಟಿದ್ದು ಈ ಕರೆಂಟಿನ ಅರ್ಥನ್ನೇ, ಟೆಲಿಫೋನಿನದ್ದಲ್ಲ. ಎರಡರ ನಡುವೆ ಇದ್ದ ಸೇತುವೆ ಅಂದ್ರೆ ಆ ಹುಡುಗಿ.

"ಹೊಸ ಗುಂಡಿ ತೆಗೆಸಿ 1 ಓಮ್ ಮಾಡಿಬಿಡೋಣ ಸಾರ್" ಅಂದೆ. ಸಾಲದು ಅಂದ್ರು ಅವರು. ಸಿಡಿಲಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್ ಇರುತ್ತೆ. ಅದರಲ್ಲಿ ಹತ್ತರಲ್ಲೊಂದು ಪಾಲು ನಿನ್ನ ಗುಂಡಿಗೆ ಇಳಿದ್ರೂ 1 ಓಮ್‌ಗೆ 3000 ವೋಲ್ಟು. ಟೆಲಿಫೋನಿನ ಗುಂಡಿ ಅಷ್ಟು ಮೇಲಕ್ಕೇರಿ, ಕರೆಂಟಿನ ಗುಂಡಿ ಏರದೇ ಇದ್ರೆ ಮತ್ತೆ ಅದೇ ಕತೆ. ಹೊಳೆ ಏರಿದಾಗ ದೋಣಿ, ದೋಣಿಯಲ್ಲಿರೋರು ಎಲ್ಲ ಒಟ್ಟಿಗೇ ಏರಬೇಕು, ಒಂದು ಕಾಲು ದಡದಲ್ಲಿಟ್ಟವನೇ ಬೀಳೋದು ಅಂದ್ರು. ಟೆಲಿಫೋನಿಗೆ "ಶುದ್ಧವಾದ" ಬೇರೆ ಅರ್ಥ್ ಬೇಕು ಅನ್ನೋದು ಆಗ ನಮ್ಮಲ್ಲಿ ಎಲ್ಲರ ನಂಬಿಕೆ. ಇವತ್ತಿಗೂ ಹಾಗೆ ಹೇಳೋರು ಸಿಗ್ತಾರೆ.

ಎರಡು ದಿನ ಕೂತು ಮಾಡಿದ್ವಿ. ಎರಡೂವರೆ ಮೀಟರಿನ ಎರಡು ಪೈಪು, ಅವನ್ನ ಕರೆಂಟಿನ ಗುಂಡಿಗೂ ಸೇರಿಸಿ ಕಬ್ಬಿಣದ ಪಟ್ಟಿ. ಗೋಡೆ ಮೇಲೆ ಒಂದೇ ತಾಮ್ರದ ಬಾರು, ಅಲ್ಲಿಂದ ಚೌಕಟ್ಟಿಗೆ, ಎಕ್ಸ್‌ಚೇಂಜಿಗೆ, ಕಂಪ್ಯೂಟರಿನ ಸಾಕೆಟ್ಟಿಗೆ, ಉಕ್ಕಿನ ಮೇಜಿಗೂ ಒಂದೊಂದು ದಪ್ಪ ವೈರು. ತಾಮ್ರ ಮತ್ತು ಕಬ್ಬಿಣದ ಜೋಡಣೆ ನೆಲದ ಮೇಲೆ, ಕಣ್ಣಿಗೆ ಕಾಣೋ ಹಾಗೆ. ಮೀಟರು ತರಿಸಿ ಅಳೆದೆ, 0.9. ನೆಲ ಪೂರ್ತಿ ಒಣಗಿದಾಗ ಇನ್ನೊಮ್ಮೆ ಅಳೀಬೇಕು, ಮಳೆ ಬಿದ್ದ ಮಣ್ಣು ಸುಳ್ಳು ಹೇಳುತ್ತೆ ಅಂದ್ರು. ಅಂದ್ರೆ ನವೆಂಬರಿನಲ್ಲಿ ನಾನು ಮೀಟರ್ ಹಿಡಿದಿದ್ದಿದ್ರೂ ಬರೋ ಅಂಕಿಯನ್ನ ಪೂರ್ತಿ ನಂಬೋ ಹಾಗಿರಲಿಲ್ಲ.

ಊರಿಗೆ ವಾಪಸ್ಸಾಗೋ ದಿನ ಆ ಹುಡುಗಿ ಕೈಗೆ ಬ್ಯಾಂಡೇಜ್ ಕಟ್ಕೊಂಡು ಕೆಲಸಕ್ಕೆ ಬಂದಿದ್ಲು. ಹೆಡ್‌ಸೆಟ್ ಕಡೆ ನೋಡಿ "ಈಗ ಮುಟ್ಟಬಹುದಾ ಸಾರ್?" ಅಂದ್ಲು. ಫಾರಂ ವಿಷಯ ಅವಳಿಗಾದ್ರೂ ಹೇಳಬೇಕಿತ್ತು. ಹೇಳಲಿಲ್ಲ. ಎಡಗೈ ಚೌಕಟ್ಟಿನ ಮೇಲೆ, ಬಲಗೈ ಕಂಪ್ಯೂಟರ್ ಮೇಲೆ ಇಟ್ಟು ತೋರಿಸಿ "ಮುಟ್ಟಮ್ಮ" ಅಂದೆ.

ಭಾವ ಇವತ್ತು ಬೆಳಿಗ್ಗೆ ಗುಂಡಿಯ ಫೋಟೋ ಕಳಿಸಿದಾರೆ. ಸಿಮೆಂಟ್ ಕಟ್ಟೆ, ನಡುವೆ ಪೈಪು, ಹಸಿರು ವೈರು ಅಂದವಾಗಿ ಒಳಗೆ ಹೋಗಿದೆ. ಒಂದಡಿ ಅಗೆದು ಇನ್ನೊಂದು ಫೋಟೋ ಕಳಿಸಿ ಅಂದಿದೀನಿ. ಇನ್ನೂ ಬಂದಿಲ್ಲ.