ತಪ್ಪು ಯಾರದು?

ಚಾಮರಾಜಪುರಂ ನಿಲ್ದಾಣದ ಸದ್ದಡಗಿ ಬಹಳ ಹೊತ್ತಾಗಿದ್ದರೂ ಮಗಳ ಕೋಣೆಯ ದೀಪ ಆರಿರಲಿಲ್ಲ. ಅವಳು ಬರೆದ ತಂತ್ರಾಂಶ ಕೆಟ್ಟು ನಿಂತಿತ್ತಂತೆ.

“ನಡೆಸುವವರು ಬೇರೆ ಇಲ್ಲವೇನಮ್ಮ?” ಎಂದೆ.

“ಬರೆದವರೂ ನಡೆಸುವವರೊಡನೆ ಕಾಯಬೇಕಪ್ಪ, ಇದಕ್ಕೆ ಡೆವ್‌ಆಪ್ಸ್ ಎನ್ನುತ್ತಾರೆ.”

ಬೆಲ್ಜಿಯಂನ ಗೆಂಟ್ ನಗರದಲ್ಲಿ 2009ರಲ್ಲಿ ಪ್ಯಾಟ್ರಿಕ್ ಡೆಬ್ವಾ ಕರೆದ ಸಭೆಯಿಂದ ಹಬ್ಬಿದ ಹೆಸರಿದು. ಬದಲಾವಣೆಗಳನ್ನು ಸಣ್ಣಸಣ್ಣದಾಗಿ, ಪದೇಪದೇ ಮಾಡುವುದು; ಪ್ರತಿಯೊಂದನ್ನೂ ಯಂತ್ರದಿಂದಲೇ ಪರೀಕ್ಷಿಸುವುದು; ಕೆಟ್ಟರೆ ಒಡನೆಯೇ ಹಿಂದಿನದಕ್ಕೆ ಮರಳುವುದು, ಇದೇ ಅದರ ಕ್ರಮ. ಅಡಿಗೆಯವರೇ ಬಡಿಸಲು ನಿಂತರೆ ಉಪ್ಪು ಹೆಚ್ಚಾದದ್ದು ಮೊದಲ ಪಂಕ್ತಿಯಲ್ಲಿಯೇ ತಿಳಿಯುವುದಲ್ಲವೆ?

“ತಪ್ಪು ನಿನ್ನದೆಂದು ತಿಳಿದರೆ?” ನನ್ನ ಎದೆ ಡವಗುಟ್ಟಿತು.

“ನಾಳೆ ನಾನೇ ಹೇಳುತ್ತೇನೆ. ಅಲ್ಲಿ ‘ಯಾರು’ ಎಂದು ಕೇಳುವುದಿಲ್ಲ. ‘ಹೇಗೆ’ ಎಂದು ಕೇಳುತ್ತಾರೆ.”

ಮೂವತ್ತು ವರ್ಷ ಕಚೇರಿಯಲ್ಲಿ ತಪ್ಪುಗಳನ್ನು ಕಡತದಡಿ ಮುಚ್ಚಿಟ್ಟೇ ಬಡ್ತಿ ಪಡೆದವನು ನಾನು. ಅವಳು ದೀಪವಾರಿಸಿ ಮಲಗಿದಳು. ನನಗೆ ನಿದ್ರೆ ಬರಲಿಲ್ಲ.